ಅವರು ಎಲೆ ನೋಡಲು ಹೋಗುತ್ತಾರೆ, ನಾವು ಕೋಡಿ ನೋಡಲು

ಸೆಪ್ಟೆಂಬರ್ ಕೊನೆ ಬಂತೆಂದರೆ ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನ ನಮ್ಮ ಆಫೀಸಿನಲ್ಲಿ ಒಂದೇ ಮಾತು. ಉತ್ತರದ ಕಡೆ ಎಲೆ ಎಷ್ಟು ಬಣ್ಣ ತಿರುಗಿದೆ? ಈ ಶನಿವಾರ ಹೋಗೋದಾ, ಮುಂದಿನ ಶನಿವಾರನಾ? ಇದನ್ನೆಲ್ಲ ಊಹೆ ಮಾಡುತ್ತಾ ಕೂರಬೇಕಾಗಿಲ್ಲ. ರಾಜ್ಯದ ಪ್ರವಾಸೋದ್ಯಮ ಇಲಾಖೆಯವರೇ ನಕ್ಷೆ ಹಾಕುತ್ತಾರೆ. ಯಾವ ಭಾಗದಲ್ಲಿ ಇನ್ನೂ ಹಸಿರಿದೆ, ಎಲ್ಲಿ ಹಳದಿ ಶುರುವಾಗಿದೆ, ಎಲ್ಲಿ ಕೆಂಪು ಏರಿದೆ, ಎಲ್ಲಿ ಕಥೆ ಮುಗಿದು ಬರೀ ಕೊಂಬೆ ಉಳಿದಿದೆ, ಎಲ್ಲವೂ ಅದರಲ್ಲಿದೆ. ಪಕ್ಕದ ವರ್ಮಾಂಟ್‌ನವರೂ ವಾರವಾರ ವರದಿ ಕೊಡುತ್ತಾರೆ. ಜನ ಅದನ್ನು ನೋಡಿಕೊಂಡು ರೂಮು ಬುಕ್ ಮಾಡುತ್ತಾರೆ, ರಜೆ ಹಾಕುತ್ತಾರೆ, ಹೊರಡುತ್ತಾರೆ.

ಚಿತ್ರದುರ್ಗದಿಂದ ಬಂದ ನನ್ನಂಥವನಿಗೆ ಮೊದಮೊದಲು ಇದು ತಮಾಷೆ ಅನಿಸುತ್ತಿತ್ತು. ಉದುರೋ ಎಲೆ ನೋಡೋಕೆ ಇಷ್ಟೊಂದು ಗಡಿಬಿಡಿನಾ? ನಮ್ಮಲ್ಲಿ ಉದುರಿದ ಎಲೆ ಅಂದರೆ ಬೆಳಿಗ್ಗೆ ಎದ್ದು ಗುಡಿಸುವ ಕೆಲಸ, ಅಷ್ಟೇ. ಆಮೇಲೆ ಯೋಚನೆ ಮಾಡುತ್ತಾ ಹೋದಂತೆ ತಮಾಷೆ ಕಡಿಮೆಯಾಗಿ ಸ್ವಲ್ಪ ಹೊಟ್ಟೆಕಿಚ್ಚೇ ಶುರುವಾಯಿತು. ಬೆಟ್ಟ, ಕೆರೆ, ಕೋಟೆ, ಬಣ್ಣ ಯಾವುದರಲ್ಲೂ ನಮ್ಮ ಜಿಲ್ಲೆ ಬಡವಾಗಿಲ್ಲ. ಆದರೆ ಯಾವಾಗ ಬರಬೇಕು ಅನ್ನೋದನ್ನು ಇವರು ಊರಿಗೆಲ್ಲ ಸಾರಿ ಹೇಳುತ್ತಾರೆ, ನಾವು ಹೇಳುವುದೇ ಇಲ್ಲ. ನನ್ನ ತಕರಾರು ಇಷ್ಟೇ.

ಮೊದಲು ಇಲ್ಲಿನ ಎಲೆಗೆ ಸಲ್ಲಬೇಕಾದ ಗೌರವ ಸಲ್ಲಿಸಿಬಿಡುತ್ತೇನೆ. ಇಲ್ಲಿನ ಬೆಟ್ಟಗಳಿಗೆ ಬೆಂಕಿಯಂಥ ಬಣ್ಣ ಬರುವುದು ಹೆಚ್ಚಾಗಿ ಮೇಪಲ್ ಮರಗಳಿಂದ. ಸಿರಪ್ ಕೊಡುವ ಶುಗರ್ ಮೇಪಲ್ ಕೂಡ ಅದರಲ್ಲಿದೆ. ಹಗಲು ಚಿಕ್ಕದಾಗಿ ರಾತ್ರಿ ತಣ್ಣಗಾಗುತ್ತಾ ಬಂದಂತೆ ಮರ ಎಲೆಗೆ ಹಸಿರು ಕೊಡುವುದನ್ನು ನಿಲ್ಲಿಸುತ್ತದೆ. ಇದ್ದ ಹಸಿರು ಕರಗುತ್ತದೆ. ಹಳದಿ ಬಣ್ಣ ಮೊದಲಿನಿಂದಲೂ ಎಲೆಯೊಳಗೇ ಇತ್ತು, ಹಸಿರು ಮುಚ್ಚಿಟ್ಟಿತ್ತು, ಈಗ ಕಾಣುತ್ತದೆ. ಕೆಂಪು ಮಾತ್ರ ಹಾಗಲ್ಲ. ಅದು ಆ ಕೆಲವೇ ದಿನಗಳಲ್ಲಿ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಹೊಸದಾಗಿ ತಯಾರಾಗುತ್ತದೆ, ಅದಕ್ಕೆ ಬಿಸಿಲು ಬೇಕು. ಹಗಲು ಒಳ್ಳೆ ಬಿಸಿಲು, ರಾತ್ರಿ ಹಿಮ ಬೀಳದಷ್ಟು ಚಳಿ ಇದ್ದ ವರ್ಷ ಕೆಂಪು ಜೋರು. ಮೋಡ ಕವಿದ ವರ್ಷ ಮಂಕು. ಒಂದು ಮೇಪಲ್ ಎಲೆ ಎತ್ತಿ ನೋಡಿದರೆ ಇದು ಕೈಯಲ್ಲೇ ಗೊತ್ತಾಗುತ್ತದೆ. ಮೇಲಿದ್ದ ಇನ್ನೊಂದು ಎಲೆಯ ನೆರಳು ಬಿದ್ದಷ್ಟು ಜಾಗ ಹಳದಿಯಾಗೇ ಉಳಿದಿರುತ್ತದೆ, ಸುತ್ತ ಬಿಸಿಲು ಬಿದ್ದ ಕಡೆಯೆಲ್ಲ ಕೆಂಪು. ನೆರಳಿನ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಮೂಡಿರುತ್ತದೆ. ನನ್ನ ಮಗಳು ಅಂಥವನ್ನೇ ಹುಡುಕಿ ಹುಡುಕಿ ದಪ್ಪ ಪುಸ್ತಕದ ನಡುವೆ ಇಡುತ್ತಾಳೆ.

ಅಕ್ಟೋಬರ್ ಎರಡನೇ ಸೋಮವಾರ ಇಲ್ಲಿ ಸರ್ಕಾರಿ ರಜೆ. ಆ ಮೂರು ದಿನ ಬೋಸ್ಟನ್‌ನಿಂದ ಉತ್ತರಕ್ಕೆ ಹೋಗುವ ದಾರಿಯಲ್ಲೆಲ್ಲ ಕಾರೋ ಕಾರು. ಎಲ್ಲರಿಗೂ ಹೋಗಬೇಕಾದದ್ದು ವೈಟ್ ಮೌಂಟನ್ಸ್ ಬೆಟ್ಟಸಾಲಿನ ನಡುವಿನ ಕ್ಯಾಂಕಮಾಗಸ್ ರಸ್ತೆಗೆ. ಲಿಂಕನ್ ಊರಿನಿಂದ ಕಾನ್ವೇ ಊರಿನವರೆಗೆ 34.5 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 55 ಕಿಲೋಮೀಟರ್. ನಡುವೆ ಒಂದೇ ಒಂದು ಪೆಟ್ರೋಲ್ ಬಂಕ್ ಇಲ್ಲ, ಹೋಟೆಲ್ ಇಲ್ಲ, ಜಾಹೀರಾತಿನ ಬೋರ್ಡ್ ಇಲ್ಲ. ಪೂರ್ತಿ ಕಾಡು. ರಸ್ತೆ ಪಕ್ಕ ಅಲ್ಲಲ್ಲಿ ನಿಲ್ಲಿಸೋಕೆ ಜಾಗ, ಅಲ್ಲೊಂದು ಶೌಚಾಲಯ, ನೋಡೋಕೊಂದು ಕಟ್ಟೆ. ಅಷ್ಟು ಬಿಟ್ಟರೆ ಏನೂ ಕಟ್ಟಿಲ್ಲ. ನೋಡಲೇಬೇಕಾದ ರಸ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಜೆಯ ದಿನ ಹೋದರೆ ಮುಂದಿನ ಕಾರಿನ ನಂಬರ್ ಪ್ಲೇಟೇ ಬಾಯಿಪಾಠ ಆಗುವಷ್ಟು ನಿಧಾನ. ಮಂಗಳವಾರ ಹೋಗಿ ಅಂತ ಯಾರು ಕೇಳಿದರೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ.

ದಾರಿಯಲ್ಲಿ ಎಲ್ಲರೂ ಮಾಡುವ ಇನ್ನೊಂದು ಕೆಲಸ ಸೇಬು ಕೀಳುವುದು. ತೋಟದ ಬಾಗಿಲಲ್ಲಿ ಚೀಲ ಕೊಂಡುಕೊಳ್ಳಬೇಕು. ಚೀಲದ ಗಾತ್ರಕ್ಕೆ ತಕ್ಕ ದುಡ್ಡು. ಆಮೇಲೆ ನೀವೇ ಹೋಗಿ ಕಿತ್ತು ತುಂಬಿಸಿಕೊಳ್ಳಬೇಕು. ಹಣ್ಣನ್ನು ಜಗ್ಗಬಾರದು, ಮೇಲಕ್ಕೆತ್ತಿ ಸ್ವಲ್ಪ ತಿರುವಬೇಕು, ಇಲ್ಲದಿದ್ದರೆ ಮುಂದಿನ ವರ್ಷದ ಮೊಗ್ಗೂ ಕಿತ್ತುಬರುತ್ತದೆ ಅಂತ ಹೇಳಿಕೊಡುತ್ತಾರೆ. ಮಕ್ಕಳಿಗೆ ಟ್ರ್ಯಾಕ್ಟರ್ ಹಿಂದೆ ಹುಲ್ಲಿನ ಗಾಡಿಯಲ್ಲಿ ಒಂದು ಸುತ್ತು, ಅದಕ್ಕೆ ಬೇರೆ ಟಿಕೆಟ್. ಜೋಳದ ಹೊಲದಲ್ಲಿ ದಾರಿ ತಪ್ಪಿಸುವ ಆಟ, ಅದಕ್ಕೂ ಬೇರೆ. ಕೊನೆಗೆ ಸೇಬಿನ ರಸ ಹಾಕಿ ಕರಿದ ಬಿಸಿ ಡೋನಟ್. ಅದು ಚೆನ್ನಾಗಿರುತ್ತದೆ.

ಅಮ್ಮ ಇಲ್ಲಿಗೆ ಬಂದಿದ್ದಾಗ ಒಂದು ತೋಟಕ್ಕೆ ಕರೆದುಕೊಂಡು ಹೋಗಿದ್ದೆವು. ಚೀಲ ಕೈಗೆ ಕೊಟ್ಟಾಗ ನನ್ನ ಮುಖ ನೋಡಿದರು. 'ಏನೋ ಇದು, ದುಡ್ಡೂ ನಾವೇ ಕೊಟ್ಟು ಹಣ್ಣೂ ನಾವೇ ಕೀಳ್ಬೇಕಾ? ನಮ್ಮ ಹೊಲದಲ್ಲಿ ಶೇಂಗಾ ಕೀಳೋಕೆ ಬಂದೋರಿಗೆ ನಾನು ಕೂಲಿ ಕೊಟ್ಟು, ಮಧ್ಯಾಹ್ನ ಊಟಾನೂ ಹಾಕ್ತೀನಿ ಕಣೋ.' ಚೀಲ ತುಂಬುವ ಹೊತ್ತಿಗೆ ಅವರ ಲೆಕ್ಕವೂ ಮುಗಿದಿತ್ತು. ಅಂಗಡಿಯಲ್ಲಿ ಸೇಬು ಎಷ್ಟು, ಇಲ್ಲಿ ಎಷ್ಟು, ತೋಟದವನಿಗೆ ಕೂಲಿ ಎಷ್ಟು ಉಳಿಯಿತು, ಸಾಗಾಣಿಕೆ ಎಷ್ಟು ಉಳಿಯಿತು. 'ಬಲೇ ಬುದ್ಧಿವಂತರು' ಅಂದರು.

ಅದು ಬರೀ ಕೊಂಕು ಮಾತಲ್ಲ. ಸಣ್ಣ ತೋಟದವನು ದೊಡ್ಡ ಮಾರುಕಟ್ಟೆಯಲ್ಲಿ ಗೆಲ್ಲಲಾರ. ಆದರೆ ವರ್ಷದಲ್ಲಿ ಆರೇಳು ವಾರ ಪಟ್ಟಣದವರು ಅವನ ಬಾಗಿಲಿಗೇ ಬಂದು ಕೊಂಡುಕೊಂಡು ಹೋದರೆ ಅವನ ಬದುಕು ನಡೆಯುತ್ತದೆ. ಕುಂಬಳಕಾಯಿ ಬೆಳೆದವನದೂ ಅದೇ ಕಥೆ, ಮೇಪಲ್ ಸಿರಪ್ ಕಾಯಿಸುವವನದೂ ಅದೇ. ಎಲೆಯ ಬಣ್ಣ ಇವರಿಗೆಲ್ಲ ಗಿರಾಕಿ ಕರೆಯುವ ಗಂಟೆ.

ಇನ್ನು ನಮ್ಮ ಕಡೆಗೆ ಬರೋಣ. ಇಲ್ಲಿ ಎಲೆ ಕೆಂಪಾಗುವ ಹೊತ್ತಿಗೆ ನಮ್ಮಲ್ಲಿ ಹಸ್ತ ಮಳೆ ಕಳೆದು ಚಿತ್ತೆ ಮಳೆ ಹಿಡಿಯುವ ಕಾಲ. ಚಿತ್ರದುರ್ಗ ಮಳೆನೆರಳಿನ ಜಿಲ್ಲೆ. ಜೂನ್-ಜುಲೈನಲ್ಲಿ ಶಿವಮೊಗ್ಗದಲ್ಲಿ ಕೊಡೆ ಮಡಚೋಕೆ ಪುರಸೊತ್ತಿಲ್ಲದಿದ್ದರೂ ನಮ್ಮಲ್ಲಿ ಗಾಳಿ ಮಾತ್ರ ಬೀಸುತ್ತಿರುತ್ತದೆ. ಘಟ್ಟ ದಾಟಿ ಬರುವಷ್ಟರಲ್ಲಿ ಮೋಡ ಖಾಲಿ. ನಿಜವಾದ ಮಳೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಆ ತಿಂಗಳುಗಳಲ್ಲಿ ಜಿಲ್ಲೆ ಗುರುತು ಸಿಗದಷ್ಟು ಬದಲಾಗುತ್ತದೆ. ಜೋಗಿಮಟ್ಟಿ ಗುಡ್ಡದ ಮೇಲೆ ಬೆಳಿಗ್ಗೆ ಮಂಜು, ಗಾಳಿಯಂತ್ರಗಳ ರೆಕ್ಕೆ ಅರ್ಧ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ಬಂಡೆಗಳ ಸಂದಿಯಲ್ಲೆಲ್ಲ ಹುಲ್ಲು. ಕೆಂಪು ಹೊಲಗಳಲ್ಲಿ ಶೇಂಗಾ ಕೀಳುತ್ತಿರುತ್ತಾರೆ, ಹುಚ್ಚೆಳ್ಳು ಬಿತ್ತಿದ ಕಡೆ ಹಳದಿ ಹೂ ಮೇಲೇಳುತ್ತಿರುತ್ತದೆ, ರಸ್ತೆ ಬದಿಯಲ್ಲಿ ತಂಗಡಿ ಹೂ. ಗುಡ್ಡದ ಸೀತಾಫಲ ಬುಟ್ಟಿಯಲ್ಲಿಟ್ಟುಕೊಂಡು ಹೆಂಗಸರು ರಸ್ತೆ ಬದಿ ಕೂತಿರುತ್ತಾರೆ. ಇದೆಲ್ಲ ಚೆಂದವೇ. ಆದರೆ ನಮ್ಮ ಜನ ಇದನ್ನು ನೋಡೋಕೆ ಅಂತ ಹೊರಡುವುದಿಲ್ಲ. ಬಯಲುಸೀಮೆಯವರನ್ನು ಮನೆಯಿಂದ ಎಬ್ಬಿಸಿ ಹೊರಡಿಸುವ ಸುದ್ದಿ ಒಂದೇ: ಕೆರೆ ತುಂಬಿ ಕೋಡಿ ಬಿದ್ದಿದೆ.

ಇದಕ್ಕೆ ಮಾರಿಕಣಿವೆಗಿಂತ ಸಾಕ್ಷಿ ಬೇಕಾ? ಹಿರಿಯೂರು ತಾಲೂಕಿನ ವಾಣಿವಿಲಾಸ ಸಾಗರ, ವೇದಾವತಿಗೆ ಕಟ್ಟಿದ ಅಣೆಕಟ್ಟು, 1907ರಲ್ಲಿ ಮುಗಿದದ್ದು. ಎರಡು ಗುಡ್ಡಗಳ ನಡುವಿನ ಸಂದಿಗೆ ಕಲ್ಲಿನ ಗೋಡೆ ಇಟ್ಟ ಹಾಗಿದೆ. 130 ಅಡಿ ತುಂಬಿದರೆ ಕೋಡಿ. ಸುಮಾರು 30 ಟಿಎಂಸಿ ಹಿಡಿಯುವ ಜಲಾಶಯ, ಸುತ್ತಲಿರುವುದು ಮಳೆ ಕಾಣದ ನಾಡು, ತುಂಬುವುದು ಸುಲಭವಾ? 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ. ನಮ್ಮಜ್ಜ ಕೋಡಿಯ ಮಾತು ಕೇಳಿದ್ದರು, ನೋಡಿರಲಿಲ್ಲ. ನಮ್ಮಪ್ಪನೂ ನೋಡಿರಲಿಲ್ಲ. 2022ರಲ್ಲಿ ಒಳ್ಳೆ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರಿನ ಬಲವೂ ಇತ್ತು ಅನ್ನುವುದು ನಿಜ. ಆದರೆ ಕೋಡಿ ನೋಡಲು ಬಂದವರು ಯಾರೂ ಅದು ಯಾವ ಹೊಳೆಯ ನೀರು ಅಂತ ಕೇಳಲಿಲ್ಲ. ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಕಡೆಯಿಂದ ಟ್ರ್ಯಾಕ್ಟರ್, ಟಂಟಂ, ಬೈಕು, ಬಸ್ಸು, ಸಿಕ್ಕಿದ್ದರಲ್ಲಿ ಜನ ಬಂದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು, ಮತ್ತೆ ಜನ ಬಂದರು. ನಾನು ಎರಡು ಸಲವೂ ಫೋನಿನಲ್ಲೇ ನೋಡಿದ್ದು. ತಂಗಿ ವಿಡಿಯೊ ಕಾಲ್ ಮಾಡಿ ಹಿಡಿದಿದ್ದಳು. ನೀರಿನ ಸದ್ದಿಗೆ ಅವಳ ಮಾತು ಒಂದೂ ಕೇಳಿಸಲಿಲ್ಲ.

ಸಣ್ಣ ಕೆರೆಯ ಕೋಡಿ ನಾನೇ ಕಣ್ಣಾರೆ ನೋಡಿದ್ದೇನೆ. ಹೋದ ಸಲ ದಸರೆಯ ಹೊತ್ತಿಗೆ ಊರಿಗೆ ಹೋಗಿದ್ದಾಗ ಭರಮಸಾಗರದ ಕಡೆಯ ಒಂದು ಹಳ್ಳಿಯ ಕೆರೆ ತುಂಬಿತ್ತು. ಕೋಡಿಯ ಕಲ್ಲಿನ ಮೇಲೆ ನೀರು ಇಳಿಯುವುದು ಅಂಥ ಜೋರಾಗೇನೂ ಇರಲಿಲ್ಲ. ಮೊಣಕಾಲು ಮುಳುಗುವಷ್ಟೂ ಇಲ್ಲ, ತೆಳ್ಳಗೆ ಹರಡಿಕೊಂಡು ಪಾಚಿ ಹಿಡಿದ ಚಪ್ಪಡಿಗಳ ಮೇಲೆ ಜಾರುತ್ತಿತ್ತು. ಕೆಳಗಿನ ಗುಂಡಿಯಲ್ಲಿ ಹುಡುಗರು ಹಳೇ ಸೀರೆಯ ಎರಡು ತುದಿ ಹಿಡಿದು ಮೀನು ಹಿಡಿಯುತ್ತಿದ್ದರು. ಹೆಂಗಸರು ಮೊರದಲ್ಲಿ ಬಾಗಿನ ತಂದಿದ್ದರು: ಅರಿಶಿನ ಕುಂಕುಮ, ಬಳೆ, ಕುಪ್ಪಸದ ಬಟ್ಟೆ, ತೆಂಗಿನಕಾಯಿ, ಒಂದು ಹಿಡಿ ಅಕ್ಕಿ. ಗಂಗಮ್ಮನ ಪೂಜೆ ಮುಗಿಸಿ ಏರಿಯ ಮೇಲೆಯೇ ಮಂಡಕ್ಕಿ ಹಂಚಿದರು. ಅಷ್ಟರಲ್ಲಿ ಮಿರ್ಚಿ ಕರಿಯುವವನ ಗಾಡಿ ಅದೆಲ್ಲಿಂದಲೋ ಬಂದು ನಿಂತಿತ್ತು. ದಾವಣಗೆರೆ ಸೀಮೆಯಲ್ಲಿ ನಾಲ್ಕು ಜನ ಸೇರಿದ ಕಡೆ ಮಿರ್ಚಿ-ಮಂಡಕ್ಕಿ ತಾನಾಗೇ ಹುಟ್ಟಿಕೊಳ್ಳುತ್ತದೆ, ಅದಕ್ಕೆ ಇಲಾಖೆ ಯೋಜನೆ ಮಾಡಬೇಕಾಗಿಲ್ಲ. ಒಬ್ಬ ಅಜ್ಜ ಕೋಡಿಯ ಅಂಚಿಗೆ ಬಂದು ನಿಂತು, ಚಪ್ಪಲಿ ಬಿಟ್ಟು, ಬಗ್ಗಿ ಆ ನೀರನ್ನು ತಲೆಗೆ ಚಿಮುಕಿಸಿಕೊಂಡು ಹೋದ. ಮೇಪಲ್ ಮರಕ್ಕೆ ಯಾರೂ ಹಾಗೆ ಮಾಡುವುದನ್ನು ನಾನು ನೋಡಿಲ್ಲ.

ಇಲ್ಲಿನ ಎಲೆ ವರ್ಷವರ್ಷ ಬಂದೇ ಬರುತ್ತದೆ. ಒಂದು ವಾರ ಹಿಂದೆ ಮುಂದೆ, ಒಂದು ವರ್ಷ ಕೆಂಪು ಜೋರು, ಇನ್ನೊಂದು ವರ್ಷ ಕಮ್ಮಿ, ಅಷ್ಟೇ. ಅದಕ್ಕೇ ಆರು ತಿಂಗಳು ಮೊದಲೇ ರೂಮು ಬುಕ್ ಮಾಡಬಹುದು. ನಮ್ಮ ಕೋಡಿ ಹಾಗಲ್ಲ. ಬಂದರೆ ಬಂತು, ಇಲ್ಲದಿದ್ದರೆ ಹತ್ತು ವರ್ಷ ಏರಿಯ ಮೇಲೆ ಜಾಲಿ ಬೆಳೆಯುತ್ತದೆ. ಹಾಗಾಗಿ ನಮ್ಮಲ್ಲಿ ಋತು ನೋಡಲು ಹೋಗುವುದು ಪ್ಲಾನ್ ಮಾಡುವ ವಿಷಯವೇ ಆಗಲಿಲ್ಲ. ಸುದ್ದಿ ಬಂದ ದಿನ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುವುದು ರೂಢಿಯಾಯಿತು. ಇದು ನಮ್ಮ ಜನರ ತಪ್ಪೇನಲ್ಲ, ನಮ್ಮ ಮೋಡದ ಗುಣ. ಚಿತ್ತೆಗೆ ಕಣ್ಣಿಲ್ಲ, ಎಲ್ಲಿ ಸುರಿಯುತ್ತೋ ಅದಕ್ಕೇ ಗೊತ್ತಿಲ್ಲ ಅಂತ ನಮ್ಮ ಹಳ್ಳಿಯವರು ಅನ್ನುವುದು ಸುಮ್ನೆ ಅಲ್ಲ.

ಆದರೆ ಪಂಚಾಂಗಕ್ಕೆ ಕಟ್ಟುಬಿದ್ದ ಸುತ್ತಾಟವೂ ನಮ್ಮಲ್ಲಿದೆ. ಚನ್ನಗಿರಿ ಕಡೆ ನಮ್ಮ ಸೋದರತ್ತೆಯ ಊರು. ಅಲ್ಲಿ ಸೀಗೆ ಹುಣ್ಣಿಮೆ ದಿನ ಮನೆಯಲ್ಲಿ ಒಲೆ ಆರಿದ ಮೇಲೆ ಯಾರೂ ಒಳಗಿರುವುದಿಲ್ಲ. ಇಡೀ ಊರು ಹೊಲದಲ್ಲಿ. ತೆನೆ ಹೊತ್ತ ಪೈರು ಅಂದರೆ ಬಸುರಿ ಭೂಮ್ತಾಯಿ, ಅವಳಿಗೆ ಬಯಕೆ ಊಟ. ಕಡುಬು, ಹೋಳಿಗೆ, ಬುತ್ತಿ, ರೊಟ್ಟಿ, ಎಣ್ಣೆಗಾಯಿ, ಚಟ್ನಿಪುಡಿ ಎಲ್ಲ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ, ಪೂಜೆ ಮಾಡಿ, ಹೊಲದ ತುಂಬ ಎಡೆಯ ಊಟವನ್ನೇ ಚರಗ ಅಂತ ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣುವುದು. ಪಕ್ಕದ ಹೊಲದವರು ಕರೆಯುತ್ತಾರೆ, ಅವರ ಬುತ್ತಿಯಲ್ಲೂ ಒಂದು ತುತ್ತು ತಿನ್ನಬೇಕು, ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಆಶ್ವಯುಜದ ಹುಣ್ಣಿಮೆ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲೇ ಬರುತ್ತದೆ. ನನ್ನ ಸಹೋದ್ಯೋಗಿಗಳು ಇಲ್ಲಿ ಚೀಲ ಹಿಡಿದು ಸೇಬಿನ ತೋಟಕ್ಕೆ ಹೋಗುವ ಅದೇ ದಿನಗಳಲ್ಲಿ. ಅಲ್ಲಿ ಟಿಕೆಟ್ ಇಲ್ಲ, ಗೇಟಿಲ್ಲ. ಹೊಲವಿಲ್ಲದವರನ್ನೂ ಕರೆದು ಕೂರಿಸುತ್ತಾರೆ. ಈ ಒಂದು ವಿಷಯದಲ್ಲಿ ನಾನು ನಮ್ಮವರ ಪರ, ಯಾವ ಮುಲಾಜೂ ಇಲ್ಲದೆ. ಇಲ್ಲಿ ಹೊಲಕ್ಕೆ ಹೋದವನು ಗಿರಾಕಿ, ಅಲ್ಲಿ ನೆಂಟ.

ಹಾಗಂತ ನಮ್ಮದೆಲ್ಲ ಸರಿ ಅಂತಲ್ಲ. ಕೋಟೆಯನ್ನೇ ತಗೊಳ್ಳಿ. ಏಳುಸುತ್ತಿನ ಕೋಟೆಗೆ ಕುಟುಂಬದವರು ಬರುವುದು ಯಾವಾಗ? ಮಕ್ಕಳಿಗೆ ರಜೆ ಅಂತ ಏಪ್ರಿಲ್-ಮೇನಲ್ಲಿ. ಕಾದ ಬಂಡೆಯ ಮೇಲೆ ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿ, ಓಬವ್ವನ ಕಿಂಡಿ ಹತ್ತಿರ ಫೋಟೊ ತೆಗೆಸಿಕೊಂಡು, ನೀರಿನ ಬಾಟಲಿ ಖಾಲಿ ಮಾಡಿ, ತಲೆನೋವು ಹಿಡಿಸಿಕೊಂಡು ಇಳಿಯುತ್ತಾರೆ. ಹೊಂಡಗಳ ತಳ ಕಾಣುತ್ತಿರುತ್ತದೆ. ಇದೇ ಕೋಟೆಯನ್ನು ಒಂದೆರಡು ಹದ ಮಳೆಯಾದ ಮೇಲೆ, ಅಕ್ಟೋಬರ್‌ನಲ್ಲಿ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹತ್ತಬೇಕು. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿರುತ್ತದೆ. ಅದು ತುಂಬಿದರೆ ಹೆಚ್ಚಿನ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಇನ್ನೂ ಕೆಳಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡದ ತನಕ. ಬಂಡೆಯ ಮೇಲೆ ಬಿದ್ದ ಒಂದು ಹನಿಯೂ ಸುಮ್ನೆ ಹೋಗದ ಹಾಗೆ ಪಾಳೆಯಗಾರರ ಕಾಲದವರು ಕಟ್ಟಿದ ವ್ಯವಸ್ಥೆ. ಅದಿದ್ದದ್ದಕ್ಕೇ ಮುತ್ತಿಗೆ ಹಾಕಿದವರು ತಿಂಗಳುಗಟ್ಟಲೆ ಹೊರಗೇ ಕೂರಬೇಕಾಯಿತು. ಮೇ ತಿಂಗಳಲ್ಲಿ ಬಂದವನಿಗೆ ಗೈಡ್ ಇದನ್ನೆಲ್ಲ ಬಾಯಲ್ಲಿ ಹೇಳಬೇಕು. ಅಕ್ಟೋಬರ್‌ನಲ್ಲಿ ಬಂದವನಿಗೆ ಹೇಳಬೇಕಾದ್ದೇ ಇಲ್ಲ, ನೀರು ಇಳಿಯುವ ಸದ್ದೇ ಕಿವಿಗೆ ಬೀಳುತ್ತದೆ.

ನಮ್ಮ ಜಿಲ್ಲೆಗಳ ಯಾವುದೇ ಪ್ರವಾಸಿ ಕರಪತ್ರ ತೆಗೆದು ನೋಡಿ. ಚಂದ್ರವಳ್ಳಿ ಊರಿಂದ ಇಷ್ಟು ಕಿಲೋಮೀಟರ್. ಸಂತೇಬೆನ್ನೂರು ಪುಷ್ಕರಣಿ ಇಷ್ಟು ಕಿಲೋಮೀಟರ್. ಸೂಳೆಕೆರೆ ಇಷ್ಟು ಕಿಲೋಮೀಟರ್. ದೂರ ಇದೆ, ತಿಂಗಳಿಲ್ಲ. ಸೂಳೆಕೆರೆ ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಅಂತ ಎಲ್ಲರೂ ಎದೆ ತಟ್ಟಿ ಹೇಳುತ್ತಾರೆ. ಅದು ತುಂಬಿದಾಗ ನೋಡೋದಕ್ಕೂ ಬತ್ತಿದಾಗ ನೋಡೋದಕ್ಕೂ ಅಜಗಜಾಂತರ ಅಂತ ಯಾರೂ ಹೇಳುವುದಿಲ್ಲ. ಮಾಹಿತಿ ಇಲ್ಲವಾ? ಇದೆ. ಜಲಾಶಯದ ಮಟ್ಟ ದಿನಾ ಅಳೆಯುತ್ತಾರೆ, ಪತ್ರಿಕೆಯ ಮೂಲೆಯಲ್ಲಿ ಅಂಕಿ ಬರುತ್ತದೆ. ಅದನ್ನು ರೈತ ನೋಡುತ್ತಾನೆ, ಎಂಜಿನಿಯರ್ ನೋಡುತ್ತಾನೆ. ಬೆಂಗಳೂರಿನಿಂದ 200 ಕಿಲೋಮೀಟರ್ ಬರಬೇಕೆಂದಿರುವ ಸಂಸಾರಕ್ಕೆ 'ಈ ವಾರ ಬನ್ನಿ, ಇನ್ನೆರಡು ಅಡಿ ಬಾಕಿ ಇದೆ' ಅಂತ ಹೇಳುವವರು ಯಾರೂ ಇಲ್ಲ. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ಎಲ್ಲ ಕೆರೆಗಳ ಒಂದು ನಕ್ಷೆ, ವಾರಕ್ಕೊಮ್ಮೆ ಬಣ್ಣ ಬದಲಾಯಿಸುವ ಒಬ್ಬ ಗುಮಾಸ್ತ. ಗಾಜಿನ ಸೇತುವೆ, ಸೆಲ್ಫಿ ಪಾಯಿಂಟು, ಸಿಮೆಂಟಿನ ಆನೆ ಇವಕ್ಕೆಲ್ಲ ಸುರಿಯುವ ದುಡ್ಡಿನಲ್ಲಿ ನಾಲ್ಕು ಶುಚಿಯಾದ ಶೌಚಾಲಯ ಕಟ್ಟಿಸಿ ಅದಕ್ಕೆ ನೀರು ಬಿಟ್ಟರೆ ಹೆಂಗಸರು ಹರಸುತ್ತಾರೆ.

ಎಲೆಯ ವಿಷಯದಲ್ಲೂ ನಾವು ಬರಿಗೈಯವರಲ್ಲ, ಕಾಲ ಮಾತ್ರ ಬೇರೆ. ಇಲ್ಲಿ ಮರ ಎಲೆ ಬಿಡುವುದು ಚಳಿಗೆ. ನೆಲದ ನೀರು ಹೆಪ್ಪುಗಟ್ಟಿದರೆ ಬೇರಿಗೆ ಕುಡಿಯೋಕೆ ಸಿಗುವುದಿಲ್ಲ. ನಮ್ಮಲ್ಲಿ ಬಿಡುವುದು ಒಣಗಾಲಕ್ಕೆ, ನೆಲದಲ್ಲಿ ನೀರೇ ಇಲ್ಲ ಅಂತ. ಕಾರಣ ನೋಡಿದರೆ ಎರಡೂ ಕಡೆ ನೀರಿನದೇ ತಾಪತ್ರಯ. ಜನವರಿಯ ಹೊತ್ತಿಗೆ ಜೋಗಿಮಟ್ಟಿಯಂಥ ಕುರುಚಲು ಕಾಡಿನಲ್ಲಿ ದಿಂಡಿಗದ ಎಲೆ ಕೆಂಪಾಗುತ್ತದೆ. ಊರೊಳಗಿನ ಬಾದಾಮಿ ಮರದ ಎಲೆ ನೋಡಿದ್ದೀರಲ್ಲ, ಉದುರುವ ಮುಂಚೆ ಮೇಪಲ್‌ಗೆ ಏನೂ ಕಡಿಮೆಯಿಲ್ಲದ ಕೆಂಪು. ಫೆಬ್ರವರಿ-ಮಾರ್ಚ್‌ನಲ್ಲಿ ಒಂದೂ ಎಲೆಯಿಲ್ಲದ ಮುತ್ತುಗದ ಮೈತುಂಬ ಕೇಸರಿ ಹೂ. ಅರಳಿಯ ತಾಮ್ರದ ಬಣ್ಣದ ಚಿಗುರು. ಯುಗಾದಿ ಹೊತ್ತಿಗೆ ಹೊಂಗೆಯ ಎಳೆ ಹಸಿರು, ಅದರ ಕೆಳಗೆ ನಿಂತರೆ ಬಿಸಿಲೂ ಹಸಿರಾಗಿ ಕಾಣುತ್ತದೆ. ಇಲ್ಲಿ ಒಂದೇ ಸಲ ಇಡೀ ಬೆಟ್ಟ ಉರಿಯುತ್ತದೆ, ಅದರ ಮುಂದೆ ನಮ್ಮದು ಚದುರಿದ ಬಣ್ಣ, ಹುಡುಕಿಕೊಂಡು ಹೋಗಬೇಕು, ಒಪ್ಪುತ್ತೇನೆ. ಹುಡುಕುವವರಿಗೆ ಅದೂ ಒಂದು ಸುಖ.

ಒಂದು ಭಯವೂ ಇದೆ. ವರ್ಮಾಂಟ್‌ನ ಪಾಮ್‌ಫ್ರೆಟ್ ಅನ್ನುವ ಪುಟ್ಟ ಊರಿನಲ್ಲಿ ಒಂದು ತೋಟದ ಮನೆಯ ಫೋಟೊ ಮೊಬೈಲ್‌ಗಳಲ್ಲಿ ವಿಪರೀತ ಓಡಾಡಿತು. ಮೇಪಲ್ ಮರಗಳ ನಡುವೆ ಬಾಗಿದ ಮಣ್ಣು ದಾರಿ, ಕೊನೆಗೆ ಮನೆ. ಅದೇ ಫೋಟೊ ತಮಗೂ ಬೇಕು ಅಂತ ಜನ ನುಗ್ಗಿದರು. ಖಾಸಗಿ ಜಾಗಕ್ಕೆ ಬೇಲಿ ದಾಟಿ ಹೋದರು, ಬಟ್ಟೆ ಬದಲಾಯಿಸೋಕೆ ರಸ್ತೆ ಬದಿಯಲ್ಲೇ ಪರದೆ ಕಟ್ಟಿದರು, ಕಾರು ಚರಂಡಿಗೆ ಇಳಿಸಿದರು, ಇನ್ನೂ ಹೇಳಬಾರದ್ದೆಲ್ಲ ಮಾಡಿದರು. 2023ರ ಶರತ್ಕಾಲದಲ್ಲಿ ಬಣ್ಣ ಏರುವ ವಾರಗಳಿಗೆ ಆ ರಸ್ತೆಯನ್ನೇ ಹೊರಗಿನವರಿಗೆ ಮುಚ್ಚಿದರು. ಇಷ್ಟು ಶಿಸ್ತಿನವರಿಗೇ ಹಾಗಾದರೆ ನಮ್ಮ ಗತಿ? ಕೋಡಿ ಬಿದ್ದ ಮೂರನೇ ದಿನ ಏರಿಯ ಮೇಲೆ ಪ್ಲಾಸ್ಟಿಕ್ ತಟ್ಟೆ, ಬಿಯರ್ ಬಾಟಲಿಯ ಚೂರು. ಚೂರಿನ ಮೇಲೆ ಬರಿಗಾಲಲ್ಲಿ ಕಾಲಿಡುವವರು ಬಾಗಿನ ತಂದ ಹೆಂಗಸರು. ಪಾಚಿ ಕಲ್ಲಿನ ಮೇಲೆ ಫೋಟೊಗೆ ನಿಂತ ಹುಡುಗರನ್ನು ಬೈಯೋಕೆ ಒಬ್ಬ ಗೃಹರಕ್ಷಕನೂ ಇರುವುದಿಲ್ಲ. ಜನರನ್ನು ಕರೆಯುವ ನಕ್ಷೆ ಮಾಡುವವರು ಕಸದ ಬುಟ್ಟಿ, ಹಗ್ಗ, ವಾಹನ ನಿಲ್ಲಿಸುವ ಜಾಗ ಇವನ್ನೂ ಅದೇ ದಿನ ಯೋಚಿಸಬೇಕು. ನಿಲುಗಡೆಗೆ ಊರಿನ ಪಂಚಾಯಿತಿ ಇಪ್ಪತ್ತೋ ಮೂವತ್ತೋ ರೂಪಾಯಿ ತೆಗೆದುಕೊಳ್ಳಲಿ, ನನ್ನದೇನೂ ಅಭ್ಯಂತರ ಇಲ್ಲ. ಕೆರೆ ಹೂಳು ತೆಗೆಸೋಕೆ ಬರುತ್ತದೆ.

ಅಮ್ಮನ ಲೆಕ್ಕದಿಂದ ಕಲಿಯಬೇಕಾದದ್ದೂ ಇದೆ. ದುಡ್ಡು ಕೊಟ್ಟು ಈರುಳ್ಳಿ ಕೀಳೋಕೆ ಯಾರೂ ಬರಲ್ಲ, ಅದು ಬೇರೆ ಮಾತು. ಆದರೆ ಹಸಿ ಶೇಂಗಾ ಕಿತ್ತು, ಅಲ್ಲೇ ಹೊಲದ ಬದುವಿನಲ್ಲಿ ಕಡ್ಡಿ ಬೆಂಕಿಗೆ ಹಾಕಿ ಸುಟ್ಟು, ಬೆಲ್ಲದ ಚೂರಿನ ಜೊತೆ ತಿನ್ನುವ ಒಂದು ಸಂಜೆಗೆ ಬೆಂಗಳೂರಿನವರು ಸಂತೋಷದಿಂದ ದುಡ್ಡು ಕೊಡುತ್ತಾರೆ. ಹಿರಿಯೂರಿನ ದಾಳಿಂಬೆ, ಸೇವಂತಿಗೆ ಹೊಲ, ಗುಡ್ಡದ ಸೀತಾಫಲ, ಇವೆಲ್ಲ ಹೆದ್ದಾರಿಗೆ ಎಷ್ಟು ಹತ್ತಿರ! ಶೇಂಗಾದ ರೇಟು ಬಿದ್ದ ವರ್ಷ ನಾಲ್ಕು ಕಾರು ಬಂದು ನಿಂತರೂ ರೈತನಿಗೆ ಬೀಜದ ಖರ್ಚು ಹುಟ್ಟುತ್ತದೆ. ಇದನ್ನು ಚಿಕ್ಕಪ್ಪನಿಗೆ ಹೇಳಿದೆ. 'ಬರೋರು ಬಳ್ಳಿ ತುಳಿದು ಹಾಳು ಮಾಡ್ತಾರಪ್ಪ' ಅಂದರು. ಅದಕ್ಕೂ ದಾರಿ ಇದೆ, ಇಲ್ಲಿನವರು ಸಾಲು ಬಿಟ್ಟು ಆಚೆ ಕಾಲಿಡಬೇಡಿ ಅಂತ ಹಗ್ಗ ಕಟ್ಟಿರುತ್ತಾರೆ ಅಂದೆ. ಹಗ್ಗ ಕಟ್ಟಿದರೆ ನಮ್ಮ ಜನ ಕೇಳ್ತಾರಾ ಅಂತ ನಕ್ಕರು. ಮಾತು ಅಲ್ಲಿಗೇ ನಿಂತಿದೆ.

ಹೊರನಾಡಿನ ನಮ್ಮವರಿಗೆ ಒಂದು ಮಾತು. ನಾವೆಲ್ಲ ಊರಿಗೆ ಹೋಗುವುದು ಯಾವಾಗ? ಮಕ್ಕಳ ಶಾಲೆಯ ರಜೆ ನೋಡಿಕೊಂಡು ಜೂನ್‌ನಲ್ಲೋ ಡಿಸೆಂಬರ್‌ನಲ್ಲೋ. ಜೂನ್‌ನಲ್ಲಿ ಇನ್ನೂ ಮಳೆ ಹಿಡಿದಿರುವುದಿಲ್ಲ, ಕೆರೆಯಂಗಳದಲ್ಲಿ ದನ ಮೇಯುತ್ತಿರುತ್ತವೆ. ಡಿಸೆಂಬರ್‌ನಲ್ಲಿ ಫಸಲು ಮನೆ ಸೇರಿ ಹೊಲ ಖಾಲಿ. ಟಿಕೆಟ್ ದರವಂತೂ ಕೇಳಲೇಬೇಡಿ. ನಮ್ಮ ಮಕ್ಕಳು ಚಿತ್ರದುರ್ಗವನ್ನು ಒಣಗಿದ್ದಾಗಲೇ ನೋಡಿ, ಬಿಸಿಲು ಮತ್ತು ಧೂಳಿನ ಊರು ಅಂತ ತಲೆಯಲ್ಲಿ ಬರೆದುಕೊಂಡು ಬರುತ್ತಾರೆ. ಆಮೇಲೆ ಅಕ್ಟೋಬರ್‌ನಲ್ಲಿ ಕ್ಯಾಂಕಮಾಗಸ್ ರಸ್ತೆಯಲ್ಲಿ ಕಾರು ನಿಲ್ಲಿಸಿ ಇದು ನೋಡಮ್ಮ ಪ್ರಕೃತಿ ಅಂತ ನಾವೇ ತೋರಿಸುತ್ತೇವೆ. ಒಂದು ವರ್ಷ ಮೇಪಲ್ ಬಿಟ್ಟರೆ ಅದೇನೂ ಓಡಿಹೋಗುವುದಿಲ್ಲ. ಮಳೆ ಚೆನ್ನಾಗಾಗಿದೆ ಅಂತ ಊರಿಂದ ಸುದ್ದಿ ಬಂದ ವರ್ಷ ಅಕ್ಟೋಬರ್‌ಗೆ ಟಿಕೆಟ್ ತೆಗೆಯಿರಿ. ಬೆಳಿಗ್ಗೆ ಕೋಟೆ, ಒಂದು ದಿನ ಮಾರಿಕಣಿವೆ, ಇನ್ನೊಂದು ದಿನ ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು ಸಂತೇಬೆನ್ನೂರು ಮಾರ್ಗವಾಗಿ ಸೂಳೆಕೆರೆ. ಶಾಲೆಯವರು ಮಗು ಯಾಕೆ ಬರಲ್ಲ ಅಂತ ಕೇಳಿದರೆ ಹಬ್ಬ ಅಂತ ಬರೆದುಕೊಡಿ. ಸುಳ್ಳೂ ಆಗುವುದಿಲ್ಲ. ದಸರೆ, ಸೀಗೆ ಹುಣ್ಣಿಮೆ, ದೀಪಾವಳಿ, ಯಾವುದಾದರೂ ಒಂದು ಆ ತಿಂಗಳು ಇದ್ದೇ ಇರುತ್ತದೆ.